ಗೂಟಕ್ಕೆ ಬಾರದ ಬೂಟು

ಹಡಗಿನ ಕೆಳ ಅಂತಸ್ತಿನಲ್ಲಿ, ನೀರಿನ ಮಟ್ಟದಿಂದ ಒಂದಾಳು ಮೇಲಕ್ಕೆ, ಕಿಟಕಿಯಿಲ್ಲದ ಉದ್ದನೆಯ ಕೋಣೆಯೊಂದಿದೆ. ಎರಡೂ ಗೋಡೆಗೆ ಸಾಲಾಗಿ ಮರದ ಗೂಟಗಳು. ಗೂಟಗಳಿಗೆ ತಲೆಕೆಳಗಾಗಿ ಸಿಕ್ಕಿಸಿದ ರಬ್ಬರ್ ಬೂಟುಗಳು, ತೊಂಬತ್ತೆರಡು ಜೊತೆ. ನೆಲಕ್ಕೆ ಕಬ್ಬಿಣದ ಜಾಲರಿ ಹಾಸಿದೆ. ಬೂಟಿನಿಂದ ಇಳಿದ ನೀರು ಅದರಡಿ ಹರಿದುಹೋಗುತ್ತದೆ. ಒದ್ದೆ ರಬ್ಬರ್ ಮತ್ತು ಸೋಂಕುನಾಶಕದ ವಾಸನೆ ಅಲ್ಲಿಂದ ಯಾವತ್ತೂ ಹೋಗುವುದಿಲ್ಲ. ಈ ಕೋಣೆಯಲ್ಲಿ ಹನ್ನೊಂದು ಬೇಸಿಗೆ ಕಳೆದ ಐವತ್ತಮೂರು ವರ್ಷದ ಹೆಂಗಸನ್ನು, ಕ್ಯಾಪ್ಟನ್‌ನಿಂದ ಹಿಡಿದು ಪಾತ್ರೆ ತೊಳೆಯುವವರವರೆಗೆ, ಎಲ್ಲರೂ ಕರೆಯುವುದು ಬೂಟಕ್ಕ ಎಂದೇ.

ಹಡಗು ದೊಡ್ಡದಲ್ಲ. ಭೂಮಿಯ ಉತ್ತರದ ತುದಿಯಲ್ಲಿ, ಊರಿಲ್ಲದ, ಮರವಿಲ್ಲದ ದ್ವೀಪಗಳ ನಡುವೆ ಪ್ರವಾಸಿಗಳನ್ನು ಹನ್ನೆರಡು ದಿನ ಸುತ್ತಿಸಿ ತರುತ್ತದೆ. ಕಡಲು ಬೆಟ್ಟಗಳ ನಡುವೆ ಮೈಲಿಗಟ್ಟಲೆ ಒಳಹೊಕ್ಕ ಫಿಯೋರ್ಡ್‌ಗಳಲ್ಲಿ ಲಂಗರು ಹಾಕಿ ನಿಲ್ಲುತ್ತದೆ. ಅಲ್ಲಿ ಕಟ್ಟೆಯಿಲ್ಲ, ಬಂದರಿಲ್ಲ. ಪ್ರವಾಸಿಗಳು ಹತ್ತು ಹತ್ತು ಜನರಂತೆ ರಬ್ಬರ್ ದೋಣಿಗಳಲ್ಲಿ ದಡಕ್ಕೆ ಹೋಗಬೇಕು. ಕೊನೆಯ ನಾಲ್ಕು ಹೆಜ್ಜೆ ಮೊಣಕಾಲುದ್ದದ ನೀರಿನಲ್ಲಿ. ಆದ್ದರಿಂದ ಬೂಟು. ಅದು ಹಡಗಿನದೇ, ಪ್ರವಾಸ ಮುಗಿಯುವವರೆಗೆ ಎರವಲು.

ಹಡಗಿಗೆ ಬರುವ ಮುಂಚೆ ಬೂಟಕ್ಕ ಹದಿನಾರು ವರ್ಷ ಒಂದು ಪಾದರಕ್ಷೆ ಅಂಗಡಿಯಲ್ಲಿದ್ದರು. ಮೋಟು ಸ್ಟೂಲಿನ ಮೇಲೆ ಕೂತು, ಬಂದವರ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಅಳತೆ ಹೇಳುವ ಕೆಲಸ. ಅಂಗಡಿ ಮುಚ್ಚಿದ ವರ್ಷ, ಖಾಯಂ ಗಿರಾಕಿಯಾಗಿದ್ದ ನಾವಿಕನೊಬ್ಬ ಈ ಕೆಲಸದ ಸುದ್ದಿ ತಂದ. ಬಂದರಿನ ಹಿಂದಿನ ಬೀದಿಯಲ್ಲಿ, ಸೈಕಲ್ ರಿಪೇರಿ ಅಂಗಡಿಯ ಮೇಲೆ ಬೂಟಕ್ಕನ ಎರಡು ಕೋಣೆಯ ಮನೆ. ಗಂಡ ಸಿಟಿ ಬಸ್ಸಿನ ಚಾಲಕ. "ನಾಲ್ಕು ತಿಂಗಳು ತಾನೇ, ಹೋಗಿ ಬಾ. ನಾನೇನು ಹಸಿದು ಸಾಯಲ್ಲ," ಎಂದಿದ್ದರಂತೆ ಅವರು. ಮೊದಲ ಬೇಸಿಗೆ ಮುಗಿಸಿ ಬಂದಾಗ ಗಂಡ ಆರು ಕೆಜಿ ಇಳಿದಿದ್ದರು. ಎರಡನೇ ಬೇಸಿಗೆಯಿಂದ ಅಡುಗೆ ಕಲಿತರು. ಈಗ ಬೂಟಕ್ಕ ಮನೆಗೆ ಬಂದರೆ ಒಲೆಯ ಹತ್ತಿರ ಬಿಡುವುದಿಲ್ಲ.

ಪ್ರವಾಸದ ಮೊದಲ ದಿನ ಬೂಟು ಹಂಚುವ ದಿನ. ಕಳೆದ ಬೇಸಿಗೆಯ ಜುಲೈ ತಿಂಗಳ ಸುತ್ತಿನಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರು ಹೆಂಡತಿಯೊಡನೆ ಸಾಲಿನಲ್ಲಿ ನಿಂತಿದ್ದರು. ಎಪ್ಪತ್ತು ದಾಟಿದ ಜೋಡಿ. ಬೂಟಕ್ಕ ಕಾಲು ನೋಡಿ, "ನಲವತ್ತೆರಡು," ಎಂದರು.

"ನಲವತ್ನಾಲ್ಕು ಕೊಡಿ. ಜೀವಮಾನ ಪೂರ್ತಿ ಅದನ್ನೇ ಹಾಕಿದ್ದೀನಿ."

"ಅದಕ್ಕೇ ಸರ್, ನೀವು ಕಾಲೆಳೆದುಕೊಂಡು ನಡೀತೀರಿ."

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ಕೊಟ್ಬಿಡಿ ಬಿಡಿ. ಇವರಿಗೆ ಎಲ್ಲಾದೂ ಎರಡು ಸೈಜು ದೊಡ್ಡದೇ ಬೇಕು. ಭಾಷಣವೂ ಅಷ್ಟೇ."

ಮೇಷ್ಟ್ರಿಗೆ ಕೊನೆಗೆ ನಲವತ್ತೆರಡೇ ಸರಿಹೋಯಿತು. ಹೆಂಡತಿಯದು ಮೂವತ್ತೇಳು. ಅವರು ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿದವರು; ಒಂದು ಕಿವಿ ಪೂರ್ತಿ ಮಂದ, ಇನ್ನೊಂದಕ್ಕೆ ಶ್ರವಣಯಂತ್ರ, ಕುತ್ತಿಗೆಗೆ ತೂಗುಹಾಕಿದ ಚಿತ್ರದ ಪುಸ್ತಕ. ಅವರ ಕೋಣೆ ಇನ್ನೂರ ಹದಿನಾಲ್ಕು. ಬೂಟಿನ ಕೋಣೆಯಲ್ಲಿ ಆ ಸಂಖ್ಯೆಯ ಕೆಳಗೆ ಎರಡು ಗೂಟ: ಎಡಕ್ಕೆ ಮೇಷ್ಟ್ರದು, ಬಲಕ್ಕೆ ಹೆಂಡತಿಯದು.

ಬೂಟಿಗೆ ಸಂಬಂಧಿಸಿದ ನಿಯಮ ಒಂದೇ, ಆದರೆ ಕಟ್ಟುನಿಟ್ಟು. ಒಂದು ದ್ವೀಪದ ಮಣ್ಣು, ಬೀಜ, ಹಕ್ಕಿಯ ಹಿಕ್ಕೆ ಇನ್ನೊಂದು ದ್ವೀಪಕ್ಕೆ ಹೋಗಕೂಡದು. ದಡದಿಂದ ಬಂದವರು ಬ್ರಷ್‌ನಿಂದ ಅಟ್ಟೆ ಉಜ್ಜಿ, ಸಂದಿನ ಕಲ್ಲನ್ನು ಕೊಕ್ಕೆಯಿಂದ ತೆಗೆದು, ಸೋಂಕುನಾಶಕದ ತಟ್ಟೆಯಲ್ಲಿ ಕಾಲಿಟ್ಟು, ಬೂಟನ್ನು ಗೂಟಕ್ಕೆ ಸಿಕ್ಕಿಸಿಯೇ ಮೇಲೆ ಹೋಗಬೇಕು. ಕೋಣೆಗೆ ಒಯ್ಯುವಂತಿಲ್ಲ.

ಜನರ ಲೆಕ್ಕ ಇಡುವುದು ಬೇರೆಯದೇ ಏರ್ಪಾಡು. ದೋಣಿ ಹತ್ತುವ ಬಾಗಿಲ ಪಕ್ಕ ಒಂದು ಹಲಗೆ. ಅದರಲ್ಲಿ ಪ್ರತಿಯೊಬ್ಬರ ಸಂಖ್ಯೆಯ ಬಿಲ್ಲೆ: ಒಂದು ಮುಖ ಹಸಿರು, ಇನ್ನೊಂದು ಕೆಂಪು. ದಡಕ್ಕೆ ಹೋಗುವಾಗ ಕೆಂಪು ಮಾಡಬೇಕು, ಬಂದಾಗ ಹಸಿರು. ಹಲಗೆ ಪೂರ್ತಿ ಹಸಿರಾದರೆ ಬಾಗಿಲ ಬಳಿಯ ನಾವಿಕ ವಾಕಿಟಾಕಿಯಲ್ಲಿ ಹೇಳುತ್ತಾನೆ. ಕ್ಯಾಪ್ಟನ್ ಲಂಗರು ಎತ್ತಿಸುತ್ತಾರೆ. "ಅವರವರ ಬಿಲ್ಲೆ ಅವರವರೇ ತಿರುಗಿಸಬೇಕು. ಗಂಡನದು ಹೆಂಡತಿ, ಹೆಂಡತಿಯದು ಗಂಡ ಮುಟ್ಟಬಾರದು," ಎಂದು ಮೊದಲ ಸಂಜೆಯೇ ಹೇಳುತ್ತಾರೆ. ಪ್ರತಿ ಸಲವೂ ಜನ ನಗುತ್ತಾರೆ.

ಬೂಟಕ್ಕ ಹಲಗೆಯ ತಂಟೆಗೆ ಹೋಗುವವರಲ್ಲ. ಆದರೆ ಸಂಜೆ ಗೂಟಗಳನ್ನು ಎಣಿಸುವುದು ಅವರ ಅಭ್ಯಾಸ. ಅಂಗಡಿಯಲ್ಲಿ ಬಾಗಿಲು ಹಾಕುವ ಮುಂಚೆ ಡಬ್ಬಿ ಎಣಿಸುತ್ತಿದ್ದರಲ್ಲ, ಹಾಗೆ. ಮೇಷ್ಟ್ರು ಬಂದ ಬೇಸಿಗೆಗೂ ಹಿಂದಿನ ಬೇಸಿಗೆಯಲ್ಲಿ ಆ ಅಭ್ಯಾಸವೇ ಅವರಿಗೆ ಮುಳುವಾಗಿತ್ತು. ಒಂದು ದಿನ ಒಂದು ಜೊತೆ ಕಡಿಮೆ ಬಂತು. ಗಾಬರಿಯಾಗಿ, ಹೇಳಿ ಹಡಗು ನಿಲ್ಲಿಸಿದರು. ಗೂಟಗಳು ಅದಲುಬದಲಾಗಿ ಯಾರ ಬೂಟೆಂದು ತಿಳಿಯದೆ, ಐವತ್ತು ನಿಮಿಷ ಹುಡುಕಿದ ಮೇಲೆ ಅದು ಪ್ರವಾಸಿಯೊಬ್ಬನ ಮಂಚದ ಕೆಳಗೆ ಸಿಕ್ಕಿತು. ಒಳಗೆ ನೀರು ಹೋಗಿದ್ದರಿಂದ, ಕೂದಲು ಒಣಗಿಸುವ ಯಂತ್ರ ಹಿಡಿದು ಒಣಗಿಸಲೆಂದು ಆತ ಅದನ್ನು ಕದ್ದು ಒಯ್ದಿದ್ದ. ಅಷ್ಟರಲ್ಲಿ ತೇಲುವ ಮಂಜುಗಡ್ಡೆ ಮುಂದಿನ ಫಿಯೋರ್ಡಿನ ಬಾಯಿ ಮುಚ್ಚಿತ್ತು. ಪ್ರವಾಸದ ಮುಖ್ಯ ತಾಣವೇ ತಪ್ಪಿತು. ಜನ ದೂರು ಬರೆದರು. ದಡದ ಕಚೇರಿಯಿಂದ ಬೂಟಕ್ಕನಿಗೆ ಪತ್ರ ಬಂತು: ನಿಮ್ಮ ಕೆಲಸ ಬೂಟು, ಜನರ ಎಣಿಕೆ ಹಲಗೆಯದು, ಇನ್ನೊಮ್ಮೆ ಹೀಗಾದರೆ ಮುಂದಿನ ಬೇಸಿಗೆಗೆ ಕರೆ ಬರುವುದಿಲ್ಲ.

ಅಂಗಡಿ ಹೋಗಿತ್ತು. ಐವತ್ತು ದಾಟಿದ, ಕಾಲಿನ ಅಳತೆ ಬಿಟ್ಟು ಬೇರೇನೂ ಕಲಿಯದ ಹೆಂಗಸಿಗೆ ಬೇರೆ ಕೆಲಸ ಯಾರೂ ಇಟ್ಟುಕೊಂಡು ಕಾಯುತ್ತಿರಲಿಲ್ಲ. ಕೆಲಸ ಇಷ್ಟವೂ ಆಗಿತ್ತು. ಬೂಟಕ್ಕ ಪತ್ರವನ್ನು ಮಡಚಿ ಪೆಟ್ಟಿಗೆಯ ತಳದಲ್ಲಿಟ್ಟರು. ಎಣಿಸುವುದನ್ನು ಮಾತ್ರ ಬಿಡಲಿಲ್ಲ. ಬಾಯಿ ಬಿಡುವುದನ್ನು ಬಿಟ್ಟರು.

ಮೇಷ್ಟ್ರ ಸುತ್ತಿನ ಒಂಬತ್ತನೇ ದಿನ. ಹಡಗು ನಿಂತಿದ್ದ ಫಿಯೋರ್ಡಿನ ಕೊನೆಯಲ್ಲಿ ಹಿಮನದಿ, ಅದರ ಮಗ್ಗುಲಲ್ಲಿ ಕಪ್ಪು ಉರುಟುಗಲ್ಲುಗಳ ದಡ. ಗಟ್ಟಿ ಕಾಲಿನವರು ಒಂದು ದಾರಿಯಲ್ಲಿ ದಿಬ್ಬ ಹತ್ತಿದರು. ಉಳಿದವರು ಇನ್ನೊಂದು ದಾರಿಯಲ್ಲಿ ದಡದುದ್ದಕ್ಕೆ ಅಡ್ಡಾಡಿದರು. ಎರಡೂ ಗುಂಪಿನ ಜೊತೆ ಬಂದೂಕು ಹಿಡಿದ ಮಾರ್ಗದರ್ಶಕರಿದ್ದರು, ಅದು ಹಿಮಕರಡಿ ಓಡಾಡುವ ಜಾಗ.

ಮೇಷ್ಟ್ರ ಹೆಂಡತಿ ದಿಬ್ಬದ ಗುಂಪಿನಲ್ಲಿದ್ದರು. ಅರ್ಧ ಹತ್ತಿ, "ನಾನು ಕೆಳಗಿನವರ ಜೊತೆ ಸೇರ್ಕೋತೀನಪ್ಪ," ಎಂದು ಇಳಿದರು. ಮೇಲಿನ ಮಾರ್ಗದರ್ಶಕ ಅವರು ದಡ ಮುಟ್ಟುವವರೆಗೆ ನೋಡಿ ತನ್ನ ದಾರಿ ಹಿಡಿದ. ಕೆಳಗಿನ ಮಾರ್ಗದರ್ಶಕನ ಪಟ್ಟಿಯಲ್ಲಿ ಅವರು ಇರಲೇ ಇಲ್ಲ. ಬಂಡೆಯೊಂದರ ಹಿಂದೆ, ಗಾಳಿ ತಾಗದ ಕಡೆ ಕೂತು ಅವರು ಹಿಮನದಿಯ ಮುಖ ಬರೆಯತೊಡಗಿದರು. ಗಾಳಿಗೆ ಶ್ರವಣಯಂತ್ರ ಸಿಳ್ಳೆ ಹೊಡೆಯುತ್ತಿತ್ತು. ತೆಗೆದು ಜೇಬಿಗೆ ಹಾಕಿಕೊಂಡರು.

ಮೂರೂವರೆಗೆ ಕಡಲ ಕಡೆಯಿಂದ ಮಂಜು ಬಂತು. ಹಡಗು ಮೂರು ಸಲ ಕೊಂಬು ಊದಿತು. ದೋಣಿಗಳು ತರಾತುರಿಯಲ್ಲಿ ಜನರನ್ನು ತುಂಬಿಕೊಂಡು ಬಂದವು. ನಾಲ್ಕೂ ಹತ್ತಕ್ಕೆ ಹಲಗೆ ಪೂರ್ತಿ ಹಸಿರು. ಹಲಗೆ ಹಸಿರೆಂದು ಕೇಳಿಯೇ ಮಾರ್ಗದರ್ಶಕರೂ ದಡ ಬಿಟ್ಟಿದ್ದರು.

ಬೂಟಿನ ಕೋಣೆಯಲ್ಲಿ ಗದ್ದಲ ಕರಗಿದ ಮೇಲೆ ಬೂಟಕ್ಕ ಎಣಿಸಿದರು. ತೊಂಬತ್ತೊಂದು. ಎದುರು ತುದಿಯಿಂದ ಇನ್ನೊಮ್ಮೆ. ತೊಂಬತ್ತೊಂದೇ. ಇನ್ನೂರ ಹದಿನಾಲ್ಕರ ಬಲಗೂಟ ಖಾಲಿ.

ಲಂಗರಿನ ಸರಪಳಿ ಆ ಕೋಣೆಯ ಗೋಡೆಯ ಆಚೆಗೇ ಹಾದುಹೋಗುತ್ತದೆ. ಅದು ಗಡಗಡ ಸದ್ದು ಮಾಡತೊಡಗಿತು.

ಹಾವೂ ಸಾಯದೆ ಕೋಲೂ ಮುರಿಯದ ದಾರಿಯೊಂದಿತ್ತು. ಸುಮ್ಮನೆ ಮೂರು ಅಂತಸ್ತು ಹತ್ತಿ, ಇನ್ನೂರ ಹದಿನಾಲ್ಕರ ಬಾಗಿಲು ಬಡಿದು, ಬೂಟು ಅಲ್ಲಿದೆಯೇ ಎಂದು ನೋಡುವುದು. ಇದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆದರೆ ಹೋಗಿ ಬರಲು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಹಡಗು ತಿರುಗಿರುತ್ತದೆ, ದಡ ಮಂಜಿನಲ್ಲಿ ಅಳಿಸಿಹೋಗಿರುತ್ತದೆ.

"ಎರಡು ಮೆಟ್ಟಿಲು ಹತ್ತಿದ್ದೆ," ಎನ್ನುತ್ತಾರೆ ಬೂಟಕ್ಕ. "ಸುಳ್ಳು ಯಾಕೆ ಹೇಳಲಿ. ಆ ಪತ್ರ ಕಣ್ಮುಂದೆ ಬಂತು. ಬೂಟು ಮಂಚದ ಕೆಳಗೇ ಇರುತ್ತೆ ಅಂತ ನನಗೆ ನಾನೇ ಹೇಳ್ಕೊಂಡೆ. ಆಮೇಲೆ ಅಂದ್ಕೊಂಡೆ, ಇಲ್ಲದಿದ್ರೆ?"

ಇಳಿದು ಬಂದು ಬಾಗಿಲ ಬಳಿಯ ನಾವಿಕನ ಮುಂದೆ ಕೈ ಚಾಚಿದರು. "ನಿನ್ನ ವಾಕಿಟಾಕಿ ಕೊಡಪ್ಪ."

"ಯಾಕಕ್ಕ? ಎಲ್ಲಾ ಹಸಿರೇ ಇದೆಯಲ್ಲ."

"ಕೊಡು ಅಂದೆ."

ಕ್ಯಾಪ್ಟನ್ ಬೇರೆ ಯಾರೋ ಎಂದುಕೊಂಡು ಉತ್ತರಿಸಿದರು.

"ಸರ್, ಲಂಗರು ನಿಲ್ಲಿಸಿ. ಒಬ್ರು ದಡದಲ್ಲೇ ಉಳಿದಿರಬಹುದು."

"ಹಲಗೆ ಏನು ಹೇಳುತ್ತೆ?"

"ಎಲ್ಲಾ ಹಸಿರು. ಆದ್ರೆ ಒಂದು ಜೊತೆ ಬೂಟು ಬಂದಿಲ್ಲ."

"ಹೋದ ವರ್ಷವೂ ಬಂದಿರಲಿಲ್ಲ, ಬೂಟಕ್ಕ."

"ಹೌದು ಸರ್."

"ಈ ಸಲ ಖಾತ್ರಿ ಇದೆಯಾ?"

"ಇಲ್ಲ ಸರ್, ಖಾತ್ರಿ ಇಲ್ಲ. ಆದ್ರೂ ನಿಲ್ಲಿಸಿ."

ಇದೇ ಮಾತುಕತೆಯನ್ನು ಕ್ಯಾಪ್ಟನ್‌ ಕಡೆಯಿಂದ ಕೇಳಿದರೂ ವ್ಯತ್ಯಾಸವಿಲ್ಲ. "ಖಾತ್ರಿ ಇದೆ ಅಂದಿದ್ರೆ ಇನ್ನೆರಡು ಪ್ರಶ್ನೆ ಕೇಳ್ತಿದ್ದೆ," ಎನ್ನುತ್ತಾರೆ ಅವರು. "ಇಲ್ಲ ಅಂದ್ರು. ಕೆಲಸ ಹೋಗುತ್ತೆ ಅಂತ ಗೊತ್ತಿದ್ದೂ, ಖಾತ್ರಿಯೂ ಇಲ್ಲದೆ ಒಬ್ಬರು ನಿಲ್ಲಿಸಿ ಅಂತಾರೆ ಅಂದ್ರೆ ನಿಲ್ಲಿಸಬೇಕು."

ಸರಪಳಿಯ ಸದ್ದು ನಿಂತಿತು. ಆಮೇಲೆ ಬೂಟಕ್ಕ ಮೆಟ್ಟಿಲು ಹತ್ತಿದರು.

ಇನ್ನೂರ ಹದಿನಾಲ್ಕರ ಬಾಗಿಲನ್ನು ಮೇಷ್ಟ್ರು ಮೂರನೇ ಬಡಿತಕ್ಕೆ ತೆಗೆದರು. ಮಂಡಿನೋವೆಂದು ಎರಡೂವರೆಯ ದೋಣಿಗೇ ಬಂದು, ಮಾತ್ರೆ ನುಂಗಿ ಮಲಗಿದ್ದರು. ಕನ್ನಡಕ ಹಣೆಯ ಮೇಲಿತ್ತು.

"ಅಮ್ಮಾವ್ರು ಎಲ್ಲಿ ಸರ್?"

"ದಡದಲ್ಲಿದ್ದಾಳೆ. ಚಿತ್ರ ಬರೀತಿರ್ತಾಳೆ. ಯಾಕೆ?"

"ಎಲ್ರೂ ಬಂದಾಯ್ತು ಸರ್. ಅವರ ಬಿಲ್ಲೆ ಹಸಿರಿದೆ. ಯಾರು ತಿರುಗಿಸಿದ್ದು?"

ಮೇಷ್ಟ್ರ ಬಲಗೈ ತಾನಾಗಿ ಮೇಲೆದ್ದು, ಗಾಳಿಯಲ್ಲಿ ಎರಡು ಸಲ ತಿರುಗಿತು. ಒಂದು ತನಗೆ, ಒಂದು ಅವಳಿಗೆ. "ನಲವತ್ತೊಂದು ವರ್ಷದಿಂದ ಅವಳ ಟಿಕೆಟ್ಟು, ಚೀಟಿ, ಬೀಗದಕೈ ಎಲ್ಲಾ ನನ್ನ ಹತ್ರಾನೇ," ಎಂದರು. "ಕೈಗೆ ಅಭ್ಯಾಸ ಆಗಿಬಿಟ್ಟಿದೆ." ಹಿಂದಿನ ಏಳು ದಿನವೂ ಅವರೇ ಎರಡೂ ಬಿಲ್ಲೆ ತಿರುಗಿಸಿದ್ದರು. ಏಳು ದಿನವೂ ಇಬ್ಬರೂ ಒಟ್ಟಿಗೇ ಬಂದಿದ್ದರಿಂದ ಲೆಕ್ಕ ಸರಿಯಾಗಿತ್ತು.

ಅವರನ್ನು ಹುಡುಕಲು ದೋಣಿ ಹೊರಟಾಗ ಹತ್ತು ಅಡಿ ಮುಂದಿನದು ಕಾಣುತ್ತಿರಲಿಲ್ಲ. ಹಡಗು ಇದ್ದಲ್ಲೇ ಇದ್ದುದರಿಂದ ದಿಕ್ಕು ಗೊತ್ತಿತ್ತು. ದೋಣಿಯವನು ಬಂದ ದಾರಿಯಲ್ಲೇ ನೇರ ಹೋದ. ಬಂದೂಕು ಹಿಡಿದ ಇಬ್ಬರು ಮಾರ್ಗದರ್ಶಕರು ಇಳಿದು, ಅಕ್ಕಪಕ್ಕ ನಡೆಯುತ್ತ ಕೂಗಿದರು. ಕಿವಿಯಲ್ಲಿ ಯಂತ್ರವಿಲ್ಲದವರಿಗೆ ಕೂಗು ಕೇಳಿಸಲಿಲ್ಲ. ಹನ್ನೆರಡು ನಿಮಿಷದ ನಂತರ ಬಂಡೆಯ ಪಕ್ಕ ಅವರನ್ನು ಕಂಡವನು ಕೆಳಗಿನ ಗುಂಪಿನ ಮಾರ್ಗದರ್ಶಕ. ಚಿತ್ರದ ಪುಸ್ತಕವನ್ನು ಕೋಟಿನೊಳಗೆ ಸೇರಿಸಿ, ಎರಡೂ ಕೈ ಕಂಕುಳಲ್ಲಿಟ್ಟುಕೊಂಡು ಕೂತಿದ್ದರು.

"ಅಮ್ಮಾ, ಹೆದರಿಕೆ ಆಯ್ತಾ?" ಎಂದು ಯಂತ್ರ ಹಾಕಿಸಿ ಕೇಳಿದ.

"ಮೊದಲು ಆಯ್ತು. ಮಂಜಲ್ಲಿ ನಡೆದ್ರೆ ದಾರಿ ತಪ್ಪುತ್ತೆ ಅಂತ ಕೂತೆ. ಆಮೇಲೆ ಯೋಚನೆ ಮಾಡ್ದೆ. ನನ್ನನ್ನ ಮರೆತ್ರೂ ಮರೀತಾರೆ, ಕಾಲಲ್ಲಿರೋ ಬೂಟು ಹಡಗಿನದು. ಅದಕ್ಕಾದ್ರೂ ಬಂದೇ ಬರ್ತಾರೆ ಅಂದ್ಕೊಂಡೆ."

ದೋಣಿ ಹಡಗು ಮುಟ್ಟಿದಾಗ ಬಾಗಿಲಲ್ಲಿ ಮೇಷ್ಟ್ರು ಕಂಬಳಿ ಹಿಡಿದು ನಿಂತಿದ್ದರು. ಹೆಂಡತಿ ಅವರನ್ನು ದಾಟಿಕೊಂಡು ಬೂಟಿನ ಕೋಣೆಗೆ ಬಂದು ಬೆಂಚಿನ ಮೇಲೆ ಕೂತರು. ಹಡಗಿನ ವೈದ್ಯರು ನಾಡಿ ಹಿಡಿದು ನೋಡಿ, ಚಳಿ ಬಿಟ್ಟರೆ ಬೇರೇನಿಲ್ಲ ಎಂದರು. ಬೂಟಕ್ಕ ಬೂಟನ್ನು ಬಿಚ್ಚಿಕೊಂಡು, ಬ್ರಷ್ ಹಿಡಿದು ಅಟ್ಟೆ ಉಜ್ಜತೊಡಗಿದರು.

"ಇವತ್ತೂ ಬಿಡಲ್ವಾ ನೀವು?" ಎಂದರು ಮೇಷ್ಟ್ರ ಹೆಂಡತಿ.

"ಇವತ್ತು ಇನ್ನೂ ಜಾಸ್ತಿ ಮಣ್ಣು ತಂದಿದ್ದೀರಮ್ಮ. ಅರ್ಧ ದ್ವೀಪ ಇಲ್ಲೇ ಇದೆ."

ಆಗ ಅವರು ಹಿಂದೆಯೇ ಬಂದಿದ್ದ ಗಂಡನ ಕಡೆ ತಿರುಗಿದರು. "ನನ್ನ ಬಿಲ್ಲೆ ಮುಟ್ಟಿದ್ದು ಯಾವ ಕೈ?"

ಮೇಷ್ಟ್ರು ಬಲಗೈ ಮುಂದೆ ಹಿಡಿದರು, ಶಾಲೆಯಲ್ಲಿ ಬೆತ್ತದ ಮುಂದೆ ಹಿಡಿಯುವ ಹಾಗೆ. ಹೆಂಡತಿ ಅದರ ಮೇಲೆ ಪಟ್ಟೆಂದು ಒಂದು ಏಟು ಕೊಟ್ಟು, ಅದೇ ಕೈ ಹಿಡಿದುಕೊಂಡು ಅತ್ತರು. ಬೂಟಕ್ಕ ಇನ್ನೊಂದು ಬೂಟು ತೆಗೆದುಕೊಂಡು ಮೂಲೆಯ ನಲ್ಲಿಗೆ ಹೋದರು.

ಹಡಗು ಒಂದು ಗಂಟೆ ಇಪ್ಪತ್ತು ನಿಮಿಷ ತಡವಾಗಿ ಹೊರಟಿತು. ಮರುದಿನದ ತಾಣ ಈ ಸಲವೂ ತಪ್ಪಿತು. ಕಾರಣ ತಿಳಿದಿದ್ದರಿಂದ ಜನ ಬಾಯಿ ಬಿಡಲಿಲ್ಲ, ಒಬ್ಬರನ್ನು ಬಿಟ್ಟು. ಆತ ದೂರು ಬರೆದ.

ಬೇಸಿಗೆಯ ಕೊನೆಯ ವಾರ ಮುಂದಿನ ವರ್ಷದ ಕರಾರು ಪತ್ರಗಳು ಹಡಗಿಗೆ ಬರುತ್ತವೆ. ಅಡುಗೆಯವರಿಗೆ ಬಂತು, ದೋಣಿಯವರಿಗೆ ಬಂತು. ಬೂಟಕ್ಕನಿಗೆ ಬರಲಿಲ್ಲ. ಕ್ಯಾಪ್ಟನ್ ಕೇಳಿದಾಗ, ತಡವಾದ ವಿಷಯ ಪರಿಶೀಲನೆಯಲ್ಲಿದೆ ಎಂದು ಕಚೇರಿ ಒಂದು ಸಾಲು ಬರೆಯಿತು.

ಬೂಟಕ್ಕ ಪೆಟ್ಟಿಗೆ ಹಿಡಿದು ಮನೆಗೆ ಬಂದರು. ಗಂಡನಿಗೆ ವಿಷಯ ಹೇಳಿದ್ದು ಎರಡು ದಿನದ ಮೇಲೆ.

"ಒಬ್ಬರ ಜೀವ ಉಳಿಸಿದ್ದಕ್ಕೆ ಪರಿಶೀಲನೆಯಾ?" ಎಂದರು ಅವರು. "ನಮ್ಮ ಡಿಪೋನೇ ವಾಸಿ. ಅಲ್ಲಿ ಏನು ಮಾಡಿದ್ರೂ ಯಾರೂ ನೋಡಲ್ಲ."

"ಅವರದ್ದೂ ತಪ್ಪಲ್ಲ. ಹೋದ ವರ್ಷ ಇದೇ ಮಾತು ಹೇಳಿ ಹಡಗು ನಿಲ್ಲಿಸಿದ್ದೆ, ಏನೂ ಇರಲಿಲ್ಲ. ಮುಂದಿನ ವರ್ಷ ನಿಲ್ಲಿಸಿದ್ರೂ ಏನೂ ಇಲ್ಲದೇ ಇರಬಹುದು."

"ಆಗ್ಲೂ ನಿಲ್ಲಿಸ್ತೀಯಾ?"

"ಬೂಟು ಬರದಿದ್ರೆ ನಿಲ್ಲಿಸ್ತೀನಿ."

"ಹಾಗಾದ್ರೆ ಅವರು ಪರಿಶೀಲನೆ ಮಾಡೋದು ಸರಿಯೇ ಇದೆ," ಎಂದು ಗಂಡ ಸೌಟು ತಿರುಗಿಸಿದರು.

ಏಳು ವಾರ ಏನೂ ಬರಲಿಲ್ಲ. ಬೂಟಕ್ಕ ಬೀದಿಯ ಕೊನೆಯ ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೆಲಸ ಕೇಳಿ ಬಂದರು. ಎಂಟನೇ ವಾರ ದಪ್ಪ ಲಕೋಟೆಯೊಂದು ಬಂತು. ಒಳಗೆ ಕರಾರು ಪತ್ರ, ಎಂದಿನಂತೆ ನಾಲ್ಕು ಪುಟ. ಜೊತೆಗೆ ಹೊಸದಾಗಿ ಐದನೆಯದು. ಅದರಲ್ಲಿದ್ದುದು ಎರಡೇ ಸಾಲು: ಪ್ರತಿ ಸಲ ದಡಕ್ಕೆ ಹೋಗಿಬಂದ ನಂತರ ಹಲಗೆಯ ಜೊತೆ ಗೂಟಗಳನ್ನೂ ಎಣಿಸತಕ್ಕದ್ದು. ಬೂಟಿನ ಕೋಣೆಯಿಂದ ಒಪ್ಪಿಗೆ ಬರುವವರೆಗೆ ಲಂಗರು ಎತ್ತತಕ್ಕದ್ದಲ್ಲ.

ಬೂಟಕ್ಕ ಎರಡು ಸಲ ಓದಿ, ತನಗೆ ತಿಳಿದದ್ದೇ ಅರ್ಥವೋ ಎಂದು ಗಂಡನ ಕೈಗೆ ಕೊಟ್ಟರು.

"ಅಂದ್ರೆ ನೀನು ಹೂಂ ಅನ್ನೋವರೆಗೆ ಹಡಗು ಅಲ್ಲಾಡೋ ಹಾಗಿಲ್ಲ."

"ಹಾಗೇ ಬರೆದಿದೆ."

"ಮನೇಲಿ ಇಪ್ಪತ್ತೆಂಟು ವರ್ಷದಿಂದ ಅದೇ ನಡೀತಿದೆ. ಹಾಕು ಸಹಿ."

ಬೂಟಕ್ಕ ಅವತ್ತು ಸಹಿ ಹಾಕಲಿಲ್ಲ, ಮರುದಿನವೂ ಇಲ್ಲ. ಕರಾರು ಪತ್ರ ಮೂರು ದಿನ ಊಟದ ಮೇಜಿನ ಮೇಲೆ, ಉಪ್ಪಿನ ಡಬ್ಬಿಯ ಕೆಳಗೆ ಬಿದ್ದಿತ್ತು. ಬೇಕೆಂದು ಹಂಬಲಿಸಿದ್ದು ಕೈಗೆ ಬಂದಾಗ ಕೈ ಯಾಕೆ ತಡೆಯಿತು ಎಂದರೆ ಆಕೆಯ ಉತ್ತರ ಹೀಗಿದೆ: "ಇಷ್ಟು ದಿನ ನಾನು ತಪ್ಪು ಎಣಿಸಿದ್ರೆ ಬೈಗುಳ ನನಗೆ, ಅಷ್ಟೇ. ಜನರ ಲೆಕ್ಕಕ್ಕೆ ಹಲಗೆ ಇತ್ತಲ್ಲ. ಇನ್ಮೇಲೆ ನಾನು ಹೂಂ ಅಂದೆ ಅಂತ ಹಡಗು ಹೊರಡುತ್ತೆ. ಆ ಹೂಂ ತಪ್ಪಾದ್ರೆ ದಡದಲ್ಲಿ ಒಬ್ರು ಉಳೀತಾರೆ. ನನಗೂ ವಯಸ್ಸಾಗ್ತಿದೆ. ಕೈಗೆ ಅಭ್ಯಾಸ ಆಗೋದು ಮೇಷ್ಟ್ರಿಗೆ ಮಾತ್ರವಾ?"

ನಾಲ್ಕನೇ ಬೆಳಿಗ್ಗೆ ಐದನೇ ಪುಟದ ಕೆಳಗೆ ತಮ್ಮದೇ ಕೈಬರಹದಲ್ಲಿ ಒಂದು ಸಾಲು ಸೇರಿಸಿದರು: ನಾನು ಎಣಿಸಿದ ಮೇಲೆ ಇನ್ನೊಬ್ಬರು ಬಂದು, ನನ್ನ ಲೆಕ್ಕ ಕೇಳದೆ, ಎದುರು ತುದಿಯಿಂದ ಎಣಿಸಬೇಕು. ಅದರ ಕೆಳಗೆ ಸಹಿ ಹಾಕಿ ಅಂಚೆಗೆ ಹಾಕಿದರು.

ಕಚೇರಿ ಒಪ್ಪಿತು. ಹೋದ ವಾರ ಬಂದ ಪತ್ರದ ಪ್ರಕಾರ ಎರಡನೇ ಎಣಿಕೆ ಕ್ಯಾಪ್ಟನ್ನರದೇ. ಜೂನ್ ಒಂಬತ್ತಕ್ಕೆ ಹಡಗು ಹೊರಡುತ್ತದೆ.